ಅಳುವುದೂ ಅಪರಾಧವಾಗಿದ್ದಾಗ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಪ್ರತಿಭಟನಾ ಕಾವ್ಯದ ಬಗ್ಗೆ ಬಂದ ಲೇಖನ ಓದಿದೆ. ಸರ್ವಾಧಿಕಾರಿಯ ಎದುರು ಕೂಗಬೇಕೇ ಹೊರತು ಚರಮಗೀತೆ ಬರೆಯುತ್ತ ಕೂರುವುದು ಸೋತವರ ಕೆಲಸ ಎಂಬ ಅದರ ಧಾಟಿಯನ್ನು ನಾನು ಒಪ್ಪಲಾರೆ. ರಷ್ಯಾದ ಕವಯಿತ್ರಿ ಅನ್ನಾ ಅಖ್ಮತೋವಾಳನ್ನು ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಅಲ್ಲಿ ತುಸು ನಿಲ್ಲಬೇಕಿತ್ತು.

ಸ್ಟಾಲಿನ್ ಕಾಲದಲ್ಲಿ ಗುಂಡಿಗೆ ಬಲಿಯಾದ ಎಷ್ಟೋ ಜನರ ಮನೆಯವರಿಗೆ ಸಿಗುತ್ತಿದ್ದ ಉತ್ತರ, 'ಹತ್ತು ವರ್ಷ ಸೆರೆ, ಪತ್ರ ಬರೆಯುವ ಹಕ್ಕಿಲ್ಲ' ಎಂದು. ಸತ್ತವನು ಸರ್ಕಾರದ ಕಾಗದದಲ್ಲಿ ಬದುಕಿಯೇ ಇರುತ್ತಿದ್ದ. ಅಂಥಲ್ಲಿ ಸತ್ತನೆಂದು ಅತ್ತರೆ ಸರ್ಕಾರ ಸುಳ್ಳು ಹೇಳುತ್ತಿದೆ ಎಂದಂತೆಯೇ. ಇದಕ್ಕಿಂತ ದೊಡ್ಡ ಘೋಷಣೆ ಯಾವುದು?

ಅಖ್ಮತೋವಾಳ ಮಗ ಲೆವ್ 1938ರಲ್ಲಿ ಸೆರೆಯಾದ. ಲೆನಿನ್‌ಗ್ರಾಡಿನ ಜೈಲಿನ ಮುಂದಿನ ಸರದಿಗಳಲ್ಲಿ ಆಕೆ 17 ತಿಂಗಳು ಕಳೆದಳು. ಅಲ್ಲಿ ತುಟಿ ನೀಲಿಗಟ್ಟಿದ್ದ ಒಬ್ಬ ಹೆಂಗಸು, ಇದನ್ನು ಬರೆಯಬಲ್ಲೆಯಾ ಎಂದು ಕಿವಿಯಲ್ಲಿ ಕೇಳಿದಳಂತೆ. ಬಲ್ಲೆ ಎಂದಳು ಈಕೆ. 'ರೆಕ್ವಿಯಂ', ಅಂದರೆ ಚರಮಗೀತೆ, ಎಂಬ ಆಕೆಯ ಕವಿತೆ ಆದದ್ದು ಹಾಗೆ. ಆದರೆ ಬರೆದದ್ದನ್ನು ಮನೆಯಲ್ಲಿ ಇಡುವಂತಿರಲಿಲ್ಲ, ಗೋಡೆಗೂ ಕಿವಿಯಿರಬಹುದೆಂಬ ಭಯ. ಗೆಳತಿ ಲಿಡಿಯಾ ಚುಕೋವ್ಸ್ಕಾಯಾ ಬಂದಾಗ ಚಹಾ ಬೇಕೇ ಎಂದೋ ಏನೋ ಗಟ್ಟಿಯಾಗಿ ಕೇಳುತ್ತ, ಚೀಟಿಯಲ್ಲಿ ಸಾಲುಗಳನ್ನು ಗೀಚಿ ಮುಂದೆ ಚಾಚುತ್ತಿದ್ದಳು. ಗೆಳತಿ ಬಾಯಿಪಾಠ ಮಾಡಿಕೊಂಡು ಹಿಂತಿರುಗಿಸುವಳು. ಕಡ್ಡಿ ಗೀರಿ ಚೀಟಿಯನ್ನು ಬೂದಿಬಟ್ಟಲಿನ ಮೇಲೆ ಸುಡುವುದು. ಕವಿತೆ ಹೀಗೆ ಕೆಲವೇ ಜನರ ನಾಲಿಗೆಯ ಮೇಲೆ ವರ್ಷಗಟ್ಟಲೆ ಉಳಿಯಿತು. ಮ್ಯೂನಿಕ್‌ನಲ್ಲಿ ಅಚ್ಚಾದದ್ದು 1963ರಲ್ಲಿ, ತಾಯ್ನಾಡಿನಲ್ಲಿ 1987ರಲ್ಲಿ. ಆಕೆ ತೀರಿಕೊಂಡು ಅಷ್ಟರಲ್ಲಿ 21 ವರ್ಷ.

ನಮ್ಮ ಹಳ್ಳಿಗಳಲ್ಲಿ ಹೆಂಗಸರು ಸತ್ತವರ ಮುಂದೆ ಹಾಡಿಕೊಂಡು ಅಳುವುದನ್ನು ಲೇಖಕರು ಕೇಳಿರಬೇಕು. ಊರ ಗೌಡನೆದುರು ತುಟಿ ಬಿಚ್ಚದವಳು ಹೆಣದ ತಲೆಯ ಬಳಿ ಕುಳಿತಾಗ, ಯಾರು ಹೊಲ ನುಂಗಿದರು, ಯಾರು ಕೂಲಿ ಕೊಡಲಿಲ್ಲ ಎಂಬುದನ್ನೆಲ್ಲ ರಾಗದಲ್ಲೇ ಹೇಳಿಬಿಡುತ್ತಾಳೆ. ಯಾರೂ ಬಾಯಿ ಮುಚ್ಚಿಸುವಂತಿಲ್ಲ. ಅಖ್ಮತೋವಾಳಿಗೂ ಈ ದಾರಿ ಗೊತ್ತಿತ್ತು. ದೊರೆ ಪೀಟರ್ 1698ರಲ್ಲಿ ದಂಗೆಯೆದ್ದ ಸ್ತ್ರೆಲ್ತ್ಸಿ ಸೈನಿಕರನ್ನು ಕೊಲ್ಲಿಸಿದ. ಅವರ ಹೆಂಡಂದಿರಂತೆ ಕ್ರೆಮ್ಲಿನ್ ಗೋಪುರಗಳ ಕೆಳಗೆ ಗೋಳಿಡುತ್ತೇನೆ ಎಂದೇ ಆಕೆ ಅದೇ ಕವಿತೆಯಲ್ಲಿ ಬರೆದಿದ್ದಾಳೆ.

ಆ ಕವಿತೆಯ ಕೆಲವು ಭಾಗಗಳನ್ನಾದರೂ ಪುರವಣಿಯಲ್ಲಿ ಕನ್ನಡಕ್ಕೆ ತಂದು ಅಚ್ಚು ಹಾಕಿ. ಲೇಖಕರೊಡನೆ ಜಗಳ ಮುಂದುವರಿಸಲು ನನಗೂ ಅನುಕೂಲ.

— ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ