ಫೀಸು ಕಟ್ಟುವ ಮೊದಲು ಗಂಟೆ ಲೆಕ್ಕ ಕೇಳಿ

ಮಾನ್ಯ ಸಂಪಾದಕರೇ,

ಪ್ಲಸ್ ಟು ರಿಸಲ್ಟ್ ಬಂದದ್ದೇ ತಡ, ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲ ಪೇಟೆಯ ಗೋಡೆಗಳ ತುಂಬಾ ಪೋಸ್ಟರ್. 'ಮೆಡಿಕಲ್ ಅಸಿಸ್ಟೆಂಟ್ ಕೋರ್ಸ್, ಒಂದೇ ವರ್ಷ, ಕೆಲಸ ಗ್ಯಾರಂಟಿ.' ಮೊನ್ನೆ ನನ್ನ ತಂಗಿ ಅದರ ಫೋಟೋ ತೆಗೆದುಕೊಂಡು ಬಂದು, 'ಅಕ್ಕಾ, ನೀನೂ ಇದನ್ನೇ ಮಾಡಿದ್ದಲ್ವಾ, ನಾನೂ ಸೇರ್ಲಾ?' ಎಂದು ಕೇಳಿದಳು. ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಆಗಲಿಲ್ಲ. ರಾತ್ರಿ ಊಟ ಮುಗಿಸಿ ನನ್ನ ಹಳೇ ಡೈರಿ ಇಟ್ಟುಕೊಂಡು ಇಬ್ಬರೂ ಲೆಕ್ಕ ಹಾಕಿದೆವು. ಈ ವಾರ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತಿರುತ್ತದೆ, ಅದಕ್ಕೇ ಆ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸೇರಿದ್ದು 2019ರ ಜೂನ್‌ನಲ್ಲಿ. ಪ್ಲಸ್ ಟುವಿನಲ್ಲಿ ಕಾಮರ್ಸ್ ಓದಿದವಳು. ಅಂಗಡಿ ಮೇಲಿನ ಎರಡು ಕೋಣೆಯಲ್ಲಿ ಕ್ಲಾಸು. ಫೀಸು 45,000. ಇಷ್ಟೇ ಖರ್ಚು ಅಂತ ನಾವು ತಿಳಿದುಕೊಂಡಿದ್ದೆವು. ಆಮೇಲೆ ಪರೀಕ್ಷೆ ಫೀಸು 3,500, ಯೂನಿಫಾರ್ಮು, ಕೋಟು, ಶೂ ಅಂತ 3,200, ಪುಸ್ತಕಕ್ಕೆ 1,800. ನನಗೆ ಬಸ್ ಪಾಸ್ ಸಿಗಲಿಲ್ಲ, ಹೋಗಿ ಬರಲು ದಿನಕ್ಕೆ 60 ರೂಪಾಯಿ, ಎಂಟು ತಿಂಗಳಿಗೆ 10,560 ಆಯ್ತು. ತರಬೇತಿಗೆಂದು ಮಂಗಳೂರಿನ ಒಂದು ಆಸ್ಪತ್ರೆಗೆ ಕಳಿಸಿದರು, ಅಲ್ಲಿ ಎರಡು ತಿಂಗಳು ಪಿಜಿಯಲ್ಲಿ ಇದ್ದದ್ದಕ್ಕೆ 9,000. ಕೆಲಸ ಪೂರ್ತಿ ಮಾಡಿಸಿಕೊಂಡರು, ಒಂದು ರೂಪಾಯಿ ಕೊಡಲಿಲ್ಲ. ಅಮ್ಮ ಬೀಡಿ ಕಟ್ಟಿ ಮಾಡಿಸಿಕೊಂಡಿದ್ದ ಸರ ಅಡವಿಟ್ಟು 40,000 ತಂದಿದ್ದರು, ಅದನ್ನು ಬಿಡಿಸುವ ಹೊತ್ತಿಗೆ ಬಡ್ಡಿಯೇ 8,000. ಒಟ್ಟು 81,000 ದಾಟಿತು. ಅದೇ ವರ್ಷ ಬಟ್ಟೆ ಅಂಗಡಿಗೆ ಸೇರಿದ ನನ್ನ ಗೆಳತಿ ತಿಂಗಳಿಗೆ 7,000ದ ಹಾಗೆ 84,000 ದುಡಿದಿದ್ದಳು. ಹಾಗಾಗಿ ನನ್ನ ಕೋರ್ಸಿನ ನಿಜವಾದ ಬೆಲೆ ಒಂದೂವರೆ ಲಕ್ಷಕ್ಕಿಂತ ಜಾಸ್ತಿ, 45,000 ಅಲ್ಲ.

2020ರ ಮಾರ್ಚ್‌ನಲ್ಲಿ ಕೊರೋನಾ ಬಂತು, ತರಬೇತಿ ಅರ್ಧಕ್ಕೇ ನಿಂತಿತು. ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದ್ದು, ಮಂಗಳೂರಿಗೆ ಹೋಗಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಪ್ರಾಣ ಬಿಟ್ಟದ್ದು, ಇದನ್ನೆಲ್ಲ ಇಲ್ಲಿನವರು ಯಾರೂ ಮರೆತಿಲ್ಲ. ನಾಲ್ಕು ತಿಂಗಳ ತರಬೇತಿಯಲ್ಲಿ ನಾನು ಮಾಡಿದ್ದು ಎರಡು ತಿಂಗಳೂ ಪೂರ್ತಿ ಇಲ್ಲ. ಆದರೂ ಆಗಸ್ಟ್‌ನಲ್ಲಿ ಸರ್ಟಿಫಿಕೇಟ್ ಬಂತು, ನಾಲ್ಕು ತಿಂಗಳು ಪೂರೈಸಿದ್ದಾಳೆ ಅಂತಲೇ ಬರೆದು ಸೀಲು ಹಾಕಿತ್ತು. ಅವತ್ತು ಖುಷಿಪಟ್ಟೆವು. ಈಗ ಯೋಚಿಸಿದರೆ, ಆ ಕಾಗದಕ್ಕೆ ಅದನ್ನು ಕೊಟ್ಟವರೇ ಬೆಲೆ ಇಟ್ಟಿರಲಿಲ್ಲ.

ನನಗೆ ತಡವಾಗಿ ಗೊತ್ತಾದ ಮುಖ್ಯ ವಿಷಯ ಹೇಳುತ್ತೇನೆ. ಅಲೈಡ್ ಹೆಲ್ತ್, ಅಂದರೆ ಲ್ಯಾಬ್, ಎಕ್ಸ್‌ರೇ ಥರದ ಆಸ್ಪತ್ರೆ ಕೆಲಸದವರಿಗೆಂದು 2021ರಲ್ಲಿ ಕೇಂದ್ರದ ಕಾನೂನು ಬಂದಿದೆ. ಅದರ ಪ್ರಕಾರ ಅಲೈಡ್ ಹೆಲ್ತ್ ಪ್ರೊಫೆಷನಲ್ ಅನ್ನಿಸಿಕೊಳ್ಳಬೇಕಾದರೆ ಡಿಪ್ಲೊಮಾ ಅಥವಾ ಡಿಗ್ರಿ ಬೇಕು, ಎರಡರಿಂದ ನಾಲ್ಕು ವರ್ಷದಲ್ಲಿ ಕನಿಷ್ಠ 2,000 ಗಂಟೆ ಕಲಿತಿರಬೇಕು. ನನ್ನದು ದಿನಕ್ಕೆ ಮೂರು ಗಂಟೆ, ತಿಂಗಳಿಗೆ 22 ದಿನ, ಎಂಟು ತಿಂಗಳು. 528 ಗಂಟೆ. ಆಸ್ಪತ್ರೆಯದ್ದು ಸೇರಿಸಿದರೂ 900 ಆಗುವುದಿಲ್ಲ. ಸರ್ಕಾರಿ ಕೆಲಸಕ್ಕೆ ಜನ ಆರಿಸುವ ಕೇರಳ ಪಿಎಸ್‌ಸಿಯವರು ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಕರೆದಾಗ ಪ್ಯಾರಾಮೆಡಿಕಲ್ ಕೌನ್ಸಿಲಿನ ರಿಜಿಸ್ಟ್ರೇಷನ್ ಕೇಳುತ್ತಾರೆ. ನನ್ನ ಸರ್ಟಿಫಿಕೇಟ್ ಹಿಡಿದುಕೊಂಡು ಹೋದರೆ ಯಾವ ಪುಸ್ತಕದಲ್ಲೂ ಹೆಸರು ಬರೆಸಲು ಆಗುವುದಿಲ್ಲ. ಗಲ್ಫ್ ಕಥೆಯೂ ಅಷ್ಟೇ. ಶಾರ್ಜಾದಲ್ಲಿರುವ ಮಾವ ಪೇಪರ್ ಕಳಿಸು ಅಂದರು, ಕಳಿಸಿದೆ. ಅಲ್ಲಿ ಲೈಸೆನ್ಸ್ ಆಗಬೇಕಾದರೆ ಡೇಟಾಫ್ಲೋ ಅಂತ ಒಂದು ಪರಿಶೀಲನೆ ಇದೆ, ಸರ್ಟಿಫಿಕೇಟ್ ಕೊಟ್ಟವರನ್ನೇ ನೇರವಾಗಿ ಕೇಳುತ್ತಾರೆ. ಅಷ್ಟರಲ್ಲಿ ನಾನು ಕಲಿತ ಜಾಗ ಹೆಸರು ಬದಲಿಸಿ, ಆಮೇಲೆ ಬಾಗಿಲೇ ಮುಚ್ಚಿತ್ತು. ಹಳೇ ಫೋನ್ ನಂಬರಿಗೆ ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ.

ಹಾಗಂತ ಕಲಿತದ್ದೆಲ್ಲ ವ್ಯರ್ಥ ಅಂತ ನಾನು ಹೇಳುವುದಿಲ್ಲ. ಅಲ್ಲಿ ಒಬ್ಬರು ರಿಟೈರ್ಡ್ ನರ್ಸ್ ಪಾಠ ಮಾಡುತ್ತಿದ್ದರು. ಬಿಪಿ ನೋಡುವಾಗ ಕೈ ಎದೆಯ ಮಟ್ಟಕ್ಕೆ ಇರಬೇಕು, ತೋಳಿನ ಬಟ್ಟೆ ಮೇಲೆ ಪಟ್ಟಿ ಸುತ್ತಬಾರದು, ರೋಗಿ ಬಂದ ಕೂಡಲೇ ನೋಡದೆ ಐದು ನಿಮಿಷ ಕೂರಿಸಬೇಕು ಅಂತ ನೂರು ಸಲ ಹೇಳಿ ಕೈಯಲ್ಲಿ ಮಾಡಿಸಿದವರು ಅವರು. ಈಗ ನಾನಿರುವುದು ಬದಿಯಡ್ಕ ಕಡೆಯ ಒಂದು ಕ್ಲಿನಿಕ್ಕಿನಲ್ಲಿ. ಕಳೆದ ವರ್ಷ ಒಬ್ಬರು ಅಜ್ಜಿ ತಲೆ ತಿರುಗುತ್ತದೆ ಅಂತ ಬಂದರು. ಬಿಪಿ 96/60, ಎರಡೂ ಪಾದ ಊದಿತ್ತು. ಅಜ್ಜಿಗೆ ತುಳು ಬಿಟ್ಟರೆ ಸ್ವಲ್ಪ ಕನ್ನಡ, ಅಷ್ಟೇ. ಅವರ ತೊಟ್ಟೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ ಚಿಕ್ಕ ಅಕ್ಷರ ಓದುತ್ತಾ ಹೋದೆ. ಎರಡು ಬೇರೆ ಬೇರೆ ಕಂಪೆನಿಯ ಮಾತ್ರೆ ಪಟ್ಟಿ, ಬಣ್ಣ ಬೇರೆ, ಹೆಸರು ಬೇರೆ, ಒಳಗಿರುವುದು ಮಾತ್ರ ಒಂದೇ, ಬಿಪಿ ಇಳಿಸುವ ಅಮ್ಲೋಡಿಪಿನ್ 5 ಮಿ.ಗ್ರಾಂ. ಎರಡು ಕಡೆ ತೋರಿಸಿದ್ದರು, ಎರಡು ಕಡೆಯದ್ದನ್ನೂ ನುಂಗುತ್ತಿದ್ದರು. ಡಾಕ್ಟ್ರಿಗೆ ತೋರಿಸಿದೆ, ಅವರು ಒಂದನ್ನು ನಿಲ್ಲಿಸಿದರು. ಮುಂದಿನ ವಾರ ಅಜ್ಜಿ ಅಡ್ಡಾಡಿಕೊಂಡು ಬಂದು ಮನೆಯ ಬಸಳೆ ಕೊಟ್ಟು ಹೋದರು.

ಇಂಥ ಕೆಲಸಕ್ಕೆ ನಮ್ಮ ಜಿಲ್ಲೆಯಲ್ಲಿ ಜನ ಬೇಕೇ ಬೇಕು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಆಡುವ ರೋಗಿಗಳು ಒಂದೇ ಬೆಂಚಿನಲ್ಲಿ ಕೂತಿರುವ ಜಾಗ ಇದು. ಆದರೆ ಈ ಕೆಲಸಕ್ಕೆ 2020ರಲ್ಲಿ ನನಗೆ ಕೊಟ್ಟದ್ದು 6,500, ಈಗ 11,000. ಬಟ್ಟೆ ಅಂಗಡಿಯ ಗೆಳತಿಗೆ 12,000. ಖಾಸಗಿ ಆಸ್ಪತ್ರೆಯ ನರ್ಸ್‌ಗಳಿಗೆ ಕನಿಷ್ಠ 20,000 ಕೊಡಬೇಕು ಅಂತ ಕೇರಳ ಸರ್ಕಾರ 2018ರಲ್ಲೇ ಗೊತ್ತುಮಾಡಿದೆ. ನಾನು ಬಿಳಿ ಕೋಟು ಹಾಕಿದ್ದರೂ ನರ್ಸ್ ಅಲ್ಲ, ಆ ಸಂಬಳ ನನಗೆ ಸಿಗುವುದಿಲ್ಲ.

ಹೆಚ್ಚು ಬೇಸರ ಆಗುವುದು ಬೇರೆ ದಾರಿ ಇದ್ದದ್ದು ನಮಗೆ ಗೊತ್ತೇ ಇರಲಿಲ್ಲ ಅನ್ನುವುದಕ್ಕೆ. ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ಮಾಡುವ ಜನರಲ್ ಡ್ಯೂಟಿ ಅಸಿಸ್ಟೆಂಟ್ ಅನ್ನುವ ತರಬೇತಿಯನ್ನು ಸರ್ಕಾರದ ಕೌಶಲ ಯೋಜನೆಗಳಲ್ಲಿ ಪುಕ್ಕಟೆ ಕೊಡುತ್ತಾರೆ. ಹಳ್ಳಿಯ ಬಡ ಮಕ್ಕಳಿಗೆಂದೇ ಇರುವ ಡಿಡಿಯು-ಜಿಕೆವೈ ಯೋಜನೆಯನ್ನು ಕೇರಳದಲ್ಲಿ ನಡೆಸುವುದು ಹೆಂಗಸರ ಸ್ವಸಹಾಯ ಸಂಘಗಳ ಕುಟುಂಬಶ್ರೀ. ನನ್ನ ಅಮ್ಮ ಕುಟುಂಬಶ್ರೀ ಸದಸ್ಯೆ, ವಾರ ವಾರ ಮೀಟಿಂಗಿಗೆ ಹೋಗುತ್ತಿದ್ದವರು. ಪಂಚಾಯತಿನಲ್ಲಿರುವ ಕುಟುಂಬಶ್ರೀಯ ಸಿಡಿಎಸ್ ಕಚೇರಿಯಲ್ಲಿ ಒಂದು ಮಾತು ಕೇಳಿದ್ದರೆ ಸರ ಅಡವಿಡುವುದು ತಪ್ಪುತ್ತಿತ್ತೋ ಏನೋ. ಇನ್ನು ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾಗೆ ಸೈನ್ಸೇ ಆಗಬೇಕೆಂದಿಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮದಲ್ಲಿ ಯಾವ ವಿಭಾಗದವರಾದರೂ ಸರಿ, ಪ್ಲಸ್ ಟುವಿನಲ್ಲಿ ಮತ್ತು ಇಂಗ್ಲಿಷಿನಲ್ಲಿ ಶೇ. 40 ಅಂಕ ಇರಬೇಕು. ಮೂರು ವರ್ಷ, ಖರ್ಚೂ ಜಾಸ್ತಿ, ನಿಜ. ಆದರೆ ಮುಗಿದ ಮೇಲೆ ರಿಜಿಸ್ಟ್ರೇಷನ್ ಸಿಗುತ್ತದೆ. ಕಾಮರ್ಸ್ ಓದಿದವಳಿಗೆ ಆಸ್ಪತ್ರೆ ಕಡೆ ತಮ್ಮ ಕೋರ್ಸೊಂದೇ ದಾರಿ ಅಂತ ಹೇಳಿ ಆ ಕ್ಲಾಸಿನವರು ನನ್ನಿಂದ ಫೀಸು ಕಟ್ಟಿಸಿಕೊಂಡಿದ್ದರು.

ತಂಗಿ ಓದಿದ್ದು ಸೈನ್ಸ್. ಅವಳಿಗೆ ಡಿಎಂಎಲ್‌ಟಿಗೆ, ಅಂದರೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾಗೆ ಅರ್ಜಿ ಹಾಕಬಹುದು. ಅದರ ಸೀಟು ಹಂಚುವುದು ತಿರುವನಂತಪುರದ ಎಲ್‌ಬಿಎಸ್ ಸೆಂಟರ್. ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದ ನಮ್ಮ ಮಕ್ಕಳಿಗೆ ಅವರ ನೋಟಿಸು ಓದಿ ತಿಳಿದುಕೊಳ್ಳುವುದೇ ಕಷ್ಟ, ಎಷ್ಟೋ ಸಲ ಕೊನೇ ದಿನ ಕಳೆದ ಮೇಲೆ ಗೊತ್ತಾಗುತ್ತದೆ. ಗೋಡೆಯ ಪೋಸ್ಟರ್ ಮಾತ್ರ ಚೆಂದದ ಕನ್ನಡದಲ್ಲಿ ಇರುತ್ತದೆ.

ನಾನು ಕ್ಲಿನಿಕ್ಕಿಗೆ ಹೋಗುವ ಬಸ್ಸು ದಿನಾ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ದಾರಿಯಲ್ಲೇ ಹೋಗುತ್ತದೆ. ಅದಕ್ಕೆ ಅಡಿಗಲ್ಲು ಹಾಕಿದ್ದು 2013ರ ನವೆಂಬರಿನಲ್ಲಿ, ನಾನಾಗ ಶಾಲೆಗೆ ಹೋಗುವ ಹುಡುಗಿ. ಅಲ್ಲಿ ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್ ಕೆಲಸಕ್ಕೆ ನಮ್ಮೂರ ಮಕ್ಕಳೂ ಸೇರಬೇಕಾದರೆ ಕೈಯಲ್ಲಿ ಸರಿಯಾದ ಡಿಪ್ಲೊಮಾ ಇರಬೇಕು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಎಲ್‌ಬಿಎಸ್ ಅರ್ಜಿ, ಜಿಎನ್‌ಎಂ ಅರ್ಜಿ, ಕುಟುಂಬಶ್ರೀ ತರಬೇತಿ ಯಾವಾಗ ಶುರು, ಕೊನೇ ದಿನ ಯಾವುದು ಅಂತ ಮೇ, ಜೂನ್ ತಿಂಗಳಲ್ಲಿ ಕಾಸರಗೋಡು ಪುಟದ ಒಂದು ಮೂಲೆಯಲ್ಲಾದರೂ ಕನ್ನಡದಲ್ಲಿ ಹಾಕಿ. ನಮ್ಮ ಮನೆಗೆ ನಿಮ್ಮ ಪೇಪರ್ ಬೆಳಿಗ್ಗೆ ಏಳಕ್ಕೆ ಬರುತ್ತದೆ, ತಂಗಿ ಮೊದಲು ಅದನ್ನೇ ತೆಗೆದು ನೋಡುತ್ತಾಳೆ.

ಇತಿ,
ಪೆರ್ಲದ ಒಬ್ಬಳು ಓದುಗಿ