ರೂಮು ಬೇಡ, ನಮ್ಮ ಜಗಲಿಗೆ ಬಾ

ಪೆರ್ಲ, ಕಾಸರಗೋಡು
ಮಾರ್ಚ್ ಕೊನೆಯ ವಾರ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜು ಓದಿದೆ. ಬೇಕಲದ ಹತ್ತಿರ ಎರಡು ರಾತ್ರಿಯ ರೂಮಿಗೇ 16,000 ಕೇಳುತ್ತಿದ್ದಾರೆ, ಈ ಬೇಸಿಗೆಯಲ್ಲಿ ಎಲ್ಲಿಗೂ ಇಲ್ಲ ಅಂತ ಮಕ್ಕಳಿಗೆ ಹೇಳಿಬಿಟ್ಟೆ ಎಂದು ಬರೆದಿದ್ದೀಯ. ಬೇಜಾರಾಯಿತು. ನಾನು ಇಲ್ಲಿರುವಾಗ ನೀನು ರೂಮು ಯಾಕೆ ಹುಡುಕುವುದು ಮಾರಾಯ? ಮಕ್ಕಳಿಗೆ ಹೋಗೋಣ ಅಂತ ಹೇಳು. ನಾನೊಂದು ಲೆಕ್ಕ ಹಾಕಿದ್ದೇನೆ, ನೋಡು.

ಏಪ್ರಿಲ್ ನಡುವಿನ ಬಿಸು ಹಬ್ಬ ಮುಗಿದ ಮರುವಾರ ಬನ್ನಿ. ಮೇ ಅರ್ಧ ದಾಟಿದರೆ ಸಂಜೆಗೆ ಗುಡುಗು ಮಳೆ ಶುರುವಾಗುತ್ತದೆ, ಗುಡ್ಡೆ ಕಡಲು ಎರಡೂ ತಪ್ಪುತ್ತದೆ. ಮೈಸೂರಿನಿಂದ ಬೆಳಗ್ಗೆ ಐದಕ್ಕೆ ಬಿಟ್ಟರೆ ಎಂಟಕ್ಕೆ ಮಡಿಕೇರಿ. ತಿಂಡಿ ಅಲ್ಲಿ ಮಾಡಿ, ಆದರೆ ಮಕ್ಕಳಿಗೆ ಹೊಟ್ಟೆ ತುಂಬ ಕೊಡಬೇಡ. ಸಂಪಾಜೆ ಘಾಟಿಯ ತಿರುವುಗಳು ಮುಂದೆ ಇವೆ. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸು. ಸುಳ್ಯ, ಜಾಲ್ಸೂರು, ಮುಳ್ಳೇರಿಯ, ಬದಿಯಡ್ಕ ದಾಟಿದರೆ ಪೆರ್ಲ. ಊಟದ ಹೊತ್ತಿಗೆ ನಮ್ಮ ಅಂಗಳದಲ್ಲಿರುತ್ತೀರಿ. ಗಡಿ ದಾಟುವ ಮೊದಲು ಸುಳ್ಯದಲ್ಲೇ ಟ್ಯಾಂಕ್ ತುಂಬಿಸಿಕೋ. ಕೇರಳಕ್ಕಿಂತ ಅಲ್ಲಿ ಪೆಟ್ರೋಲಿಗೆ ಲೀಟರಿಗೆ ಕೆಲವು ರೂಪಾಯಿ ಕಡಿಮೆ. ನಾವೆಲ್ಲ ಮಾಡುವುದೂ ಅದನ್ನೇ.

ಹೋಗಿ ಬರುವುದು, ಇಲ್ಲಿ ಸುತ್ತುವುದು ಎಲ್ಲ ಸೇರಿ 720 ಕಿಲೋಮೀಟರ್ ಅಂತ ಇಟ್ಟುಕೋ. ನಿನ್ನ ಕಾರು ಲೀಟರಿಗೆ 18 ಕೊಡುತ್ತದೆ ಅಲ್ವಾ? ಹಾಗಾದರೆ 40 ಲೀಟರ್, ನಾಲ್ಕು ಸಾವಿರದ ಚಿಲ್ಲರೆ. ದಾರಿಯ ತಿಂಡಿ, ಸೀಯಾಳ, ಪಾರ್ಕಿಂಗ್ ಅಂತ ಇನ್ನೆರಡು ಸಾವಿರ ಹಿಡಿ. ಅಷ್ಟೇ. ಊಟ, ಹಾಸಿಗೆ ನಮ್ಮಲ್ಲಿ. ಇದರಲ್ಲಿ ಸಂಕೋಚ ಮಾಡಬೇಡ. ಹಾಸ್ಟೆಲಿನಲ್ಲಿದ್ದಾಗ ಮೂರು ವರ್ಷ ಪ್ರತಿ ಭಾನುವಾರ ನಿಮ್ಮ ಅಮ್ಮನ ಕೈ ಊಟ ಉಂಡವನು ನಾನು.

ಒಂದು ಮಾತು ಮಾತ್ರ ನೀನು ಒಪ್ಪಬೇಕು. ಬೆಳಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕರವರೆಗೆ ಬಿಸಿಲಿಗೆ ಹೊರಡುವುದಿಲ್ಲ. ಮೈಸೂರಿನ ಬಿಸಿಲು ಬೇರೆ, ಇಲ್ಲಿಯ ಸೆಖೆ ಬೇರೆ. ನೆರಳಲ್ಲಿ ಕೂತರೂ ಬೆವರು ಇಳಿಯುತ್ತದೆ. ಹೋದ ವರ್ಷ ತಂಗಿಯ ಮಕ್ಕಳನ್ನು ಕರೆದುಕೊಂಡು ಹನ್ನೆರಡು ಗಂಟೆಗೆ ಬೇಕಲ ಕೋಟೆಗೆ ಹೋಗಿದ್ದೆ. ಕೆಂಪುಕಲ್ಲು ಕಾದು ಕೆಳಗಿನಿಂದಲೂ ಶಾಖ ಬರುತ್ತಿತ್ತು. ಅರ್ಧ ಗಂಟೆಯಲ್ಲಿ ಚಿಕ್ಕವಳು ತಲೆನೋವು ಅಂತ ಕೂತುಬಿಟ್ಟಳು, ವಾಂತಿಯೂ ಆಯಿತು. ಅವಳನ್ನು ಎತ್ತಿಕೊಂಡು ಗೇಟಿನವರೆಗೆ ನಡೆದದ್ದು ನನಗೆ ಇನ್ನೂ ನೆನಪಿದೆ. ಆವತ್ತಿನಿಂದ ಮಕ್ಕಳ ಜೊತೆ ಹೊರಟರೆ ಗಡಿಯಾರ ನೋಡಿಯೇ ಹೊರಡುವುದು.

ಹಾಗಾಗಿ ದಿನಕ್ಕೆ ಎರಡು ಸಲ ಹೊರಗೆ, ನಡುವೆ ಮನೆ. ನಡು ಮಧ್ಯಾಹ್ನ ಮಕ್ಕಳಿಗೆ ಬೇಸರ ಬರುತ್ತದೆ ಅಂತ ನಿನಗೆ ಚಿಂತೆ ಇರಬಹುದು. ಬರುವುದಿಲ್ಲ. ತೋಟದ ಬದಿಯ ತೋಡಿಗೆ ಈ ವರ್ಷವೂ ಕಟ್ಟ ಹಾಕಿದ್ದೇವೆ. ಕಲ್ಲು ಮಣ್ಣು ಒಟ್ಟಿ, ಪ್ಲಾಸ್ಟಿಕ್ ಶೀಟು ಹೊದಿಸಿ ನೀರು ನಿಲ್ಲಿಸುವುದು. ದೊಡ್ಡವರ ಸೊಂಟದವರೆಗೆ ನೀರುಂಟು, ಮೇಲೆ ಅಡಿಕೆ ಮರಗಳ ನೆರಳು. ನಾನೋ ನೀನೋ ಒಬ್ಬರು ನೀರಿನಲ್ಲೇ ಇರಬೇಕು, ಮಕ್ಕಳನ್ನು ಅವರಷ್ಟಕ್ಕೆ ಬಿಡುವುದು ಬೇಡ.

ಆಮೇಲೆ ಸುರಂಗ. ಅದನ್ನು ತೋರಿಸಬೇಕೆಂದು ನನಗೇ ಆಸೆ. ಗುಡ್ಡೆಯ ಕೆಂಪುಕಲ್ಲಿನೊಳಗೆ ನೀರು ಸಿಗುವವರೆಗೆ ಅಡ್ಡಕ್ಕೆ ಕೊರೆದ ಬಾವಿ ಅದು. ಒಬ್ಬ ಮನುಷ್ಯ ಚೂರು ಬಗ್ಗಿ ಹೋಗುವಷ್ಟು ಎತ್ತರ, ಎರಡೂ ಭುಜ ಗೋಡೆಗೆ ತಾಗುವಷ್ಟು ಅಗಲ. ನಮ್ಮದನ್ನು ಅಜ್ಜ ಕೊರೆಸಿದ್ದು. ಪಂಪು ಇಲ್ಲ, ಕರೆಂಟು ಇಲ್ಲ. ನೀರು ತಾನಾಗಿ ಹರಿದು ಟಾಂಕಿಗೆ ಬೀಳುತ್ತದೆ. ಮೊದಲು ಅಡಿಕೆ ಮರದ ದಂಬೆ ಇತ್ತು, ಈಗ ಪೈಪು. ಬಾಯಿಯ ಹತ್ತಿರ ನಿಂತರೆ ಸಾಕು, ಒಳಗಿನ ತಂಪು ಗಾಳಿ ಮುಖಕ್ಕೆ ತಾಗುತ್ತದೆ. ಒಂದು ನಿಮಿಷ ಮಾತಾಡದೆ ನಿಂತರೆ ಒಳಗಿನಿಂದ ಹನಿ ಬೀಳುವ ಶಬ್ದ ಬೇರೆ ಬೇರೆಯಾಗಿ ಕೇಳುತ್ತದೆ. ಏಪ್ರಿಲ್‌ನಲ್ಲಿ ಕಿರುಬೆರಳಿನಷ್ಟೇ ದಪ್ಪದ ಧಾರೆ, ಆದರೆ ನಿಲ್ಲುವುದಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ ಅಂತಷ್ಟೇ ಗೊತ್ತಿರುವ ಮಕ್ಕಳು ಇದನ್ನು ನೋಡಬೇಕು ಕಣೋ. ಒಳಗೆ ಮಾತ್ರ ಹೋಗುವುದು ಬೇಡ, ಬಾಯಿಯಲ್ಲಿ ನಿಂತು ಟಾರ್ಚ್ ಬಿಟ್ಟು ನೋಡಲಿ.

ಬೇಕಲಕ್ಕೆ ಒಂದು ಸಂಜೆ. ಮೂರು ಗಂಟೆಗೆ ಇಲ್ಲಿಂದ ಕಾರಿನಲ್ಲಿ ಕೂತರೆ ಬಿಸಿಲು ಇಳಿಯುವ ಹೊತ್ತಿಗೆ ಕೋಟೆಯ ಬಾಗಿಲಲ್ಲಿರುತ್ತೇವೆ. ನಾವು ಟಿಕೆಟಿಗೆ ಅಂತ ದುಡ್ಡು ಕೊಡುವುದು ಅಲ್ಲಿ ಮಾತ್ರ. ದೊಡ್ಡವರಿಗೆ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ. ನಿನ್ನ ಮಗ ಶಾಲೆಯ ಟೂರಿನಲ್ಲಿ ಕೆಳದಿ, ಇಕ್ಕೇರಿ ನೋಡಿ ಬಂದಿದ್ದಾನಲ್ಲ, ಅದೇ ಅರಸರು ಇಷ್ಟು ದೂರ ಬಂದು ಕಡಲಿಗೆ ಕಾವಲು ಕಟ್ಟಿದರು ಅಂತ ಅವನಿಗೆ ಹೇಳು. ಒಳಗೆ ಅರಮನೆ ಅಂತ ಹುಡುಕಬೇಡಿ, ಇಲ್ಲ. ಇದು ಯುದ್ಧಕ್ಕೇ ಕಟ್ಟಿದ್ದು. ಗೋಡೆಯಲ್ಲಿ ಕಿಂಡಿಗಳಿವೆ. ಮಕ್ಕಳು ಒಂದೊಂದಕ್ಕೂ ಕಣ್ಣಿಟ್ಟು ನೋಡಲಿ. ಮೇಲಿನದರಲ್ಲಿ ದೂರ ಕಾಣುತ್ತದೆ, ಕೆಳಗಿನದು ಗೋಡೆಯ ಬುಡಕ್ಕೇ ಮುಖ ಮಾಡಿದೆ. ವೈರಿ ಎಷ್ಟು ಹತ್ತಿರ ಬಂದಿದ್ದಾನೆ ಎನ್ನುವುದರ ಮೇಲೆ ಕಿಂಡಿ ಬದಲಾಗುತ್ತಿತ್ತು. ಹೈದರಾಲಿ, ಟಿಪ್ಪು ಎಲ್ಲ ಆದ ಮೇಲೆ ಬ್ರಿಟಿಷರ ಕೈಗೆ ಬಂದು, ದಕ್ಷಿಣ ಕನ್ನಡಕ್ಕೆ ಸೇರಿ, ಒಂದು ಕಾಲಕ್ಕೆ ಬೇಕಲವೇ ತಾಲೂಕು ಕೇಂದ್ರವಾಗಿತ್ತು. ಅಮ್ಮನಿಗೆ ಬುರುಜು ಹತ್ತುವುದು ಕಷ್ಟ. ಅವರ ಜೊತೆ ನಾನು ಹುಲ್ಲಿನ ಮೇಲೆ ಕೂತಿರುತ್ತೇನೆ, ನೀವು ಹತ್ತಿ ಬನ್ನಿ.

ಅನಂತಪುರದ ಸರೋವರ ದೇವಸ್ಥಾನಕ್ಕೆ ಬೆಳಗ್ಗೆಯೇ ಹೋಗುವುದು. ಕುಂಬಳೆಯಿಂದ ಹತ್ತಿರ. ಅಲ್ಲಿಯ ಮೊಸಳೆ ಬಬಿಯಾ ಪೂಜಾರಿಗಳು ಕೊಡುವ ನೈವೇದ್ಯದ ಅನ್ನ ತಿನ್ನುತ್ತಿದ್ದುದನ್ನು ನಾವಿಬ್ಬರೂ ಕಾಲೇಜು ಮುಗಿದ ವರ್ಷ ನೋಡಿದ್ದೆವು, ನೆನಪಿದೆಯಾ? ಅದು 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಕಂಡರೆ ಮಕ್ಕಳ ಪುಣ್ಯ. ಕಾಣದಿದ್ದರೂ ಆ ಬೋಳು ಪದವಿನ (ಎತ್ತರದ ಬಯಲಿನ) ನಡುವೆ ಅಷ್ಟು ನೀರು ನೋಡುವುದೇ ಒಂದು ಖುಷಿ.

ಇನ್ನೊಂದು ಸಂಜೆ ಮಂಜೇಶ್ವರ. ಗೋವಿಂದ ಪೈಗಳ ಮನೆ ಗಿಳಿವಿಂಡು ನೋಡಿ, ಕಣ್ವತೀರ್ಥದ ಮರಳಿನಲ್ಲಿ ಕತ್ತಲಾಗುವವರೆಗೆ ಕೂರೋಣ. ಕಡಲಿಗೆ ಇಳಿಯುವುದು ಕಾಲು ಒದ್ದೆಯಾಗುವಷ್ಟೇ. ಪೊಸಡಿಗುಂಪೆ ಗುಡ್ಡೆಗೆ ಬೆಳಗ್ಗೆ ಆರು ಗಂಟೆಯ ಒಳಗೆ ಹತ್ತಬೇಕು. ರಾಣಿಪುರದ ಬೆಟ್ಟ ಬೇಕು ಅಂತ ನೀನು ಕೇಳಿದ್ದೆ. ಈ ಸಲ ಬೇಡ. ನಮ್ಮಲ್ಲಿಂದ ತುಂಬ ದೂರ, ಬೇಸಿಗೆಯಲ್ಲಿ ಹುಲ್ಲು ಒಣಗಿರುತ್ತದೆ, ಆನೆ ಬಂದರೆ ಅರಣ್ಯ ಇಲಾಖೆಯವರು ಮೇಲೆ ಬಿಡುವುದೂ ಇಲ್ಲ. ಮಳೆ ನಿಂತ ಮೇಲೆ ನಾವಿಬ್ಬರೇ ಹೋಗೋಣ.

ರಾತ್ರಿಗೆ ಯಕ್ಷಗಾನ. ಮೇ ಕೊನೆಯ ವಾರದ ಪತ್ತನಾಜೆಯವರೆಗೆ ಮೇಳಗಳ ತಿರುಗಾಟ ಇರುತ್ತದೆ, ಸುತ್ತಮುತ್ತ ಎಲ್ಲಾದರೂ ಯಾರಾದರೂ ಹರಕೆಗೆ ಆಡಿಸುವ ಆಟ ಒಂದು ಇದ್ದೇ ಇರುತ್ತದೆ. ಟಿಕೆಟ್ ಇಲ್ಲ. ಚಾಪೆ ಹಿಡಿದುಕೊಂಡು ಹೋಗಿ ಎದುರಿಗೆ ಕೂತರಾಯಿತು. ಆಟ ಶುರುವಾಗುವ ಒಂದು ಗಂಟೆ ಮೊದಲು ಕೇಳಿಕೊಂಡು ಮಕ್ಕಳನ್ನು ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋಗುತ್ತೇನೆ. ಈಗಷ್ಟೇ ಚಾ ಕುಡಿಯುತ್ತಿದ್ದ ಮನುಷ್ಯ ಸಣ್ಣ ಕನ್ನಡಿ ಎದುರು ಕೂತು, ಗೆರೆ ಗೆರೆಯಾಗಿ ಬಣ್ಣ ಹಚ್ಚಿಕೊಂಡು ರಕ್ಕಸನಾಗುವುದನ್ನು ಹತ್ತಿರದಿಂದ ನೋಡಲಿ. ಆಮೇಲೆ ರಂಗಸ್ಥಳದಲ್ಲಿ ಅವನು ಅಬ್ಬರಿಸಿದರೆ ಹೆದರುವುದಿಲ್ಲ. ಇದು ಯಕ್ಷಗಾನ ಪ್ರಸಂಗಗಳನ್ನು ಬರೆದ ಕವಿ ಪಾರ್ತಿಸುಬ್ಬನ ಸೀಮೆ. ಭಾಗವತರ ಪದ ಕೇಳುತ್ತ ನಿನ್ನ ಮಗಳು ಚಾಪೆಯ ಮೇಲೆ ನಿದ್ದೆ ಹೋದರೂ ನನಗೆ ಸಂತೋಷವೇ.

ಬರುವಾಗ ಹತ್ತಿ ಬಟ್ಟೆ ಜಾಸ್ತಿ ತಾ, ಆಳಿಗೊಂದು ಟೊಪ್ಪಿ, ಎರಡೆರಡು ಬೈರಾಸು (ಟವೆಲ್). ಬಾಟಲಿ ನೀರು ಕೊಳ್ಳಬೇಡ, ದೊಡ್ಡ ಕ್ಯಾನ್ ಎರಡು ತಾ. ಬೆಳಗ್ಗೆ ಹೊರಡುವಾಗ ಒಂದರಲ್ಲಿ ನೀರು, ಒಂದರಲ್ಲಿ ಪುನರ್ಪುಳಿ ಶರಬತ್ತು ತುಂಬಿಸಿ ಕೊಡುತ್ತೇವೆ. ಅಮ್ಮನ ಬಿಪಿ ಮಾತ್ರೆ ಮರೆಯಬೇಡ.

ಹೊರಡುವ ದಿನವನ್ನು ನಾಲ್ಕೈದು ದಿನ ಮೊದಲೇ ಹೇಳು. ಹಿತ್ತಿಲಿನ ಬಕ್ಕೆ ಹಲಸಿನ ಮರದಲ್ಲಿ ಒಂದನ್ನು ಗುರುತು ಮಾಡಿ ಇಟ್ಟಿದ್ದೇನೆ. ಕೊಯ್ದ ಮೇಲೆ ಹಣ್ಣಾಗಲು ಮೂರು ದಿನ ಬೇಕು.

ನಿನ್ನ ಗೆಳೆಯ