ಚೀಟಿಯಲ್ಲಿ ಅನುಮಾನವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆ ಎದುರು ನನ್ನ ಜೆರಾಕ್ಸ್ ಅಂಗಡಿ. ಬೆಂಗಳೂರಿಗೆ ಕಳಿಸುವ ರೆಫರಲ್ ಚೀಟಿಗಳನ್ನು ದಿನಾ ನೋಡುತ್ತೇನೆ. ಎಷ್ಟೋ ಚೀಟಿಗಳಲ್ಲಿ ಒಂದೇ ಸಾಲು: ‘ಹೆಚ್ಚಿನ ಚಿಕಿತ್ಸೆಗಾಗಿ’. ಯಾವ ಕಾಯಿಲೆಯ ಅನುಮಾನ ಅಂತ ಇರುವುದಿಲ್ಲ. ನಮ್ಮ ಭಾವನವರದ್ದೂ ಹಾಗೇ ಇತ್ತು.

ಭಾವ ಕಲ್ಲು ಕ್ವಾರಿಯಲ್ಲಿ ದುಡಿದವರು. ಬೀಡಿ ಸೇದುತ್ತಿದ್ದರು. ಯುಗಾದಿ ಹೊತ್ತಿಗೆ ಕೆಮ್ಮು ಶುರುವಾಯಿತು. ಎರಡು ವಾರ ದಾಟಿತೆಂದು ಆಶಾ ಕಾರ್ಯಕರ್ತೆಯೇ ಕರೆದುಕೊಂಡು ಹೋಗಿ ಕಫ ಕೊಡಿಸಿದರು. ಟಿಬಿ ಇಲ್ಲ ಅಂತ ಬಂತು. ಮನೆಯಲ್ಲಿ ಪಾಯಸ ಮಾಡಿದೆವು. ಟಿಬಿ ಇಲ್ಲ ಅಂದರೆ ಏನೂ ಇಲ್ಲ ಅಂತಲ್ಲ, ಅಲ್ವಾ? ದಸರಾವರೆಗೆ ಬರೀ ಸಿರಪ್ಪು. ಖಾಲಿ ಬಾಟಲಿಗಳು ಕಿಟಕಿಯಲ್ಲಿ ಸಾಲು ನಿಂತವು. ಬೆಲ್ಟಿಗೆ ಮೊಳೆಯಲ್ಲಿ ಇನ್ನೆರಡು ತೂತು ಹೊಡೆದುಕೊಂಡರು. ಬೆರಳ ತುದಿ ದಪ್ಪಗಾಗಿ ಉಗುರು ಉಬ್ಬಿತ್ತು. ಕಲ್ಲು ಒಡೆದ ಕೈ ತಾನೇ ಅಂತ ಸುಮ್ನಿದ್ದೆವು. ಅದೂ ಶ್ವಾಸಕೋಶದ ಕ್ಯಾನ್ಸರಿನ ಒಂದು ಗುರುತಾಗಿರಬಹುದು ಅಂತ ಆಮೇಲೆ ತಿಳಿಯಿತು.

ಬೆಂಗಳೂರಿನಲ್ಲಿ ಆ ಒಂದು ಸಾಲಿನ ಚೀಟಿ ನೋಡಿ, ಮತ್ತೆ ಕಫದ ಡಬ್ಬಿಯನ್ನೇ ಕೈಗೆ ಕೊಟ್ಟರು. ಸ್ಕ್ಯಾನು, ಬಯಾಪ್ಸಿ ಅನ್ನುವಷ್ಟರಲ್ಲಿ ಇನ್ನೂ ಮೂರು ವಾರ ಹೋಯಿತು.

ನರ್ಸಿಂಗ್ ಓದುವ ಮಗಳು ಬ್ರಿಟನ್ನಿನ ‘ನೈಸ್’ ಸಂಸ್ಥೆಯ ಮಾರ್ಗಸೂಚಿ ತೋರಿಸಿದಳು. 40 ದಾಟಿದವರು ಯಾವತ್ತಾದರೂ ಬೀಡಿ ಸಿಗರೇಟು ಸೇದಿದ್ದರೆ, ಕಾರಣ ತಿಳಿಯದ ಕೆಮ್ಮು, ಸುಸ್ತು, ಉಬ್ಬಸ, ಎದೆನೋವು, ತೂಕ ಇಳಿಯುವುದು, ಊಟ ಸೇರದಿರುವುದು, ಇವುಗಳಲ್ಲಿ ಒಂದಿದ್ದರೂ 2 ವಾರದೊಳಗೆ ಎಕ್ಸ್‌ರೇ ಆಗಬೇಕಂತೆ. ಸೇದದವರಿಗೆ ಎರಡಿದ್ದರೆ. ಕಾರಣವಿಲ್ಲದೆ ಕೆಮ್ಮಿನಲ್ಲಿ ರಕ್ತ ಬಂದರೆ ನೇರವಾಗಿ ತಜ್ಞರ ಬಳಿಗೆ. ಎಕ್ಸ್‌ರೇ ಚೆನ್ನಾಗಿದ್ದರೂ ಕ್ಯಾನ್ಸರ್ ಇರಬಹುದಂತೆ. ನಮ್ಮಲ್ಲಿ 30 ದಾಟಿದವರಿಗೆ ಸರ್ಕಾರ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಿಸುತ್ತದೆ. ಶ್ವಾಸಕೋಶ ಆ ಪಟ್ಟಿಯಲ್ಲಿಲ್ಲ. ಕ್ವಾರಿ, ಕ್ರಷರ್ ಜಾಸ್ತಿ ಇರುವ ನಮ್ಮ ಕಡೆ, ಕಲ್ಲಿನ ಧೂಳೂ ಕ್ಯಾನ್ಸರ್ ತರುತ್ತದೆ ಅಂತ ಗೊತ್ತಿದ್ದೂ, ಪಿಎಚ್‌ಸಿ ಡಾಕ್ಟರ ಕಣ್ಣೇ ಗತಿ.

ಡಾಕ್ಟರಿಗೆ ಪುರುಸೊತ್ತಿಲ್ಲ, ಒಪ್ಪುತ್ತೇನೆ. ಚೀಟಿಯಲ್ಲಿ ಎರಡೇ ಸಾಲು ಜಾಸ್ತಿ ಬರೆದರೆ ಸಾಕು: ಕ್ಯಾನ್ಸರ್ ಅನುಮಾನ, ಎಷ್ಟು ವರ್ಷದ ಬೀಡಿ, ಏನು ಕೆಲಸ, ಎಷ್ಟು ತೂಕ ಇಳಿದಿದೆ, ಕಫದಲ್ಲಿ ಟಿಬಿ ಇಲ್ಲ. ಬರೆದರೆ ರೋಗಿ ಹೆದರುತ್ತಾನೆ ಅಂತ ಒಬ್ಬ ಸಿಸ್ಟರ್ ಹೇಳಿದರು. ಇಂಗ್ಲಿಷಿನಲ್ಲೇ ಬರೆಯಿರಿ ತಾಯಿ, ನಮ್ಮ ಭಾವನಿಗೆ ಕನ್ನಡವೂ ಓದಲು ಬರುತ್ತಿರಲಿಲ್ಲ.

– ಒಬ್ಬ ಜೆರಾಕ್ಸ್ ಅಂಗಡಿಯವ, ಕೋಲಾರ ಜಿಲ್ಲೆ